ಬಿಲ್ಲು ಯಾರ ಹೆಸರಲ್ಲಿದೆ?

2019ರಲ್ಲಿ ಆನ್‌ಸೈಟ್ ಮುಗಿಸಿ ಅಮೆರಿಕದಿಂದ ಬರುವಾಗ ಒಂದು ಕ್ಯಾಮೆರಾ ತಂದಿದ್ದೆ. ಬೆಲೆ ನಮ್ಮ ದುಡ್ಡಲ್ಲಿ 1,20,000 ರೂಪಾಯಿ. ಆಗ ಸುಂಕವಿಲ್ಲದೆ ತರಬಹುದಾಗಿದ್ದು 50,000 ರೂಪಾಯಿಯ ಸಾಮಾನು ಮಾತ್ರ, ಮಿಕ್ಕಿದ್ದಕ್ಕೆ ಶೇ. 38.5. ಏರ್‌ಪೋರ್ಟಿನ ರೆಡ್ ಚಾನೆಲ್‌ಗೆ ಹೋಗಿ 26,950 ಕಟ್ಟಿ ರಸೀದಿ ಇಸ್ಕೊಂಡೆ. ಟೀಮಿನವರು ನಕ್ಕಿದ್ದೇ ನಕ್ಕಿದ್ದು. 'ಕೊರಳಿಗೆ ಹಾಕ್ಕೊಂಡು ಸುಮ್ನೆ ಬರೋದಲ್ವಾ ಗುರೂ?'

ನಾನು ಅದರಲ್ಲಿ ತೆಗೆದಿದ್ದು ನಾಲ್ಕು ಸೂರ್ಯಾಸ್ತ. ಆಮೇಲೆ ಅದು ಪಾಂಡವಪುರದ ಹತ್ತಿರದ ನಮ್ಮೂರಿಗೆ, ಚಿಕ್ಕಪ್ಪನ ಮಗನ ಕೈಗೆ ಹೋಯ್ತು. ಅವನಿಗೆ ಅದೇ ಅನ್ನ. ಮೇಲುಕೋಟೆಯ ಕಲ್ಯಾಣಿ, ಶ್ರೀರಂಗಪಟ್ಟಣದ ಸಂಗಮದಲ್ಲಿ ಪ್ರೀ-ವೆಡ್ಡಿಂಗ್ ಶೂಟು, ಕೆ.ಆರ್. ಪೇಟೆ ಕಡೆ ಮದುವೆ, ಬೀಗರೂಟ.

2022ರಲ್ಲಿ ನಾಗಮಂಗಲದ ಒಂದು ಛತ್ರದಲ್ಲಿ ಊಟಕ್ಕೆ ಕೂತು ಏಳುವಷ್ಟರಲ್ಲಿ ಬ್ಯಾಗು ಮಾಯ. 'ಅಣ್ಣೋ, ಕ್ಯಾಮ್ರಾ ಹೋಯ್ತು ಕಣಣ್ಣ' ಅಂತ ಫೋನಲ್ಲೇ ಅತ್ತ. ಪುಣ್ಯಕ್ಕೆ ಹತ್ತು ದಿನದಲ್ಲಿ ಕಳ್ಳನೂ ಸಿಕ್ಕ, ಕ್ಯಾಮೆರಾನೂ ಸಿಕ್ತು. ಆದರೆ ಜಪ್ತಿ ಮಾಡಿದ ಮಾಲನ್ನು ಪೊಲೀಸರು ಹಾಗೇ ಎತ್ತಿ ಕೊಡೋಕೆ ಬರಲ್ಲ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮುದ್ದೆ ಮಾತ್ರ ಗೊತ್ತಿದ್ದ ನಮಗೆ 'ಮುದ್ದೆಮಾಲು' ಅಂದರೇನು ಅಂತ ಗೊತ್ತಾಗಿದ್ದು ಆಗ.

ವಕೀಲರ ಮೊದಲ ಪ್ರಶ್ನೆ: 'ಬಿಲ್ಲು ಯಾರ ಹೆಸರಲ್ಲಿದೆ?'

'ನನ್ನ ಹೆಸರಲ್ಲಿ' ಅಂದೆ. ಪಕ್ಕದಲ್ಲಿದ್ದ ತಮ್ಮ ತಲೆ ತಗ್ಗಿಸಿದ. ಮೂರು ವರ್ಷ ಅದನ್ನ ಮಗು ಥರ ನೋಡಿಕೊಂಡವನು ಕಾಗದದಲ್ಲಿ ಬರೀ ದೂರುದಾರ. ನಾಲ್ಕು ಸೂರ್ಯಾಸ್ತ ತೆಗೆದ ನಾನು ಮಾಲೀಕ.

ವಕೀಲರು ಬಿಡಿಸಿ ಹೇಳಿದರು. ಕೇಸು ಮುಗಿಯುವ ಮುಂಚೆಯೇ ವಸ್ತುವನ್ನು ಮಧ್ಯಂತರವಾಗಿ ಮಾಲೀಕನ ಸುಪರ್ದಿಗೆ ಕೊಡಬಹುದು. ಆಗ ಅದಕ್ಕೆ ಇದ್ದದ್ದು ಸಿಆರ್‌ಪಿಸಿಯ 451 ಮತ್ತು 457ನೇ ಕಲಮು. 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503. ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಜಪ್ತಿ ಮಾಲನ್ನು ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಜಾಸ್ತಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಮಹಜರು ಮಾಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಕೊಟ್ಟರೆ ಸಾಕು. ಸಾಕ್ಷ್ಯಕ್ಕೆ ಆ ಫೋಟೋಗಳೇ ಆಗುತ್ತವೆ.

ಅಂಗಡಿಯ ಬಿಲ್ಲಿನಲ್ಲಿದ್ದ ಸೀರಿಯಲ್ ನಂಬರ್ ಕ್ಯಾಮೆರಾದ ತಳದ ನಂಬರಿಗೆ ತಾಳೆಯಾಯ್ತು. ಕಸ್ಟಮ್ಸ್ ರಸೀದಿಯಿಂದ ಅದು ಕಳ್ಳಮಾಲಲ್ಲ ಅಂತಲೂ ಆಯ್ತು. ಎಲ್ಲರೂ ನಕ್ಕಿದ್ದ ಅದೇ ರಸೀದಿ! ಆದೇಶ ಬಂತು: 1,20,000ಕ್ಕೆ ಬಾಂಡ್, ಒಬ್ಬ ಜಾಮೀನುದಾರ, ಕರೆದಾಗ ಹಾಜರುಪಡಿಸಬೇಕು, ಕೇಸು ಮುಗಿಯೋವರೆಗೂ ಪರಭಾರೆ ಮಾಡಬಾರದು.

ಪಹಣಿ ಹಿಡ್ಕೊಂಡು ಬಂದ ಚಿಕ್ಕಪ್ಪ ಗಾಬರಿಯಾಗಿ ಕೇಳಿದರು, 'ಒಂದು ಕ್ಯಾಮ್ರಾಕ್ಕೆ ಜಮೀನು ಕೊಡ್ಬೇಕೇನ್ಲಾ?'

'ಜಮೀನಲ್ಲ ಚಿಕ್ಕಪ್ಪ, ಜಾಮೀನು.'

ಅಷ್ಟರಲ್ಲಿ ಐದು ಮದುವೆ ಕೈತಪ್ಪಿ, ಅವನು ಅಡ್ವಾನ್ಸು ವಾಪಸ್ ಕೊಟ್ಟಾಗಿತ್ತು. ಬಸ್ ಸ್ಟ್ಯಾಂಡಲ್ಲಿ ಬ್ಯಾಗು ಎದೆಗವಚಿಕೊಂಡು ಕೇಳಿದ: 'ಅಣ್ಣ, ಇದು ನಂದು ಅಂತ ಯಾವಾಗ ಆಯ್ತದೆ?'

ನಾನು ಕೊಟ್ಟಾಯ್ತು ಅಂದುಕೊಂಡಿದ್ದೆ. ಬರೀ ವಸ್ತು ಕೊಟ್ಟಿದ್ದೆ ಅಷ್ಟೇ. ಕೇಸು ಮುಗಿದ ದಿನ ಅವನ ಹೆಸರಿಗೆ ಬರೆದುಕೊಡಬೇಕು. ನೀವೂ ಊರಲ್ಲಿರೋ ತಮ್ಮನಿಗೆ ಬೈಕೋ ಲ್ಯಾಪ್‌ಟಾಪೋ ಕೊಟ್ಟಿದ್ದರೆ, ಇವತ್ತು ಒಂದ್ಸಲ ನೋಡಿ: ಬಿಲ್ಲು ಯಾರ ಹೆಸರಲ್ಲಿದೆ?