ಶೀಗಿ ಹುಣ್ಣಿವೆಯ ಕಡಬು

ಮಳೆಗಾಲದ ಮುಗಿಲು ಹಿಂದೆಗೆದು ಆಶ್ವೀಜದ ಬೆಳುದಿಂಗಳು ಎರೆಯ ಹೊಲಗಳ ಮೇಲೆ ಹರಡುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಸೀಮೆಯ ಒಕ್ಕಲಿಗನಿಗೆ ಭೂಮಿಯು ಬರಿಯ ಮಣ್ಣಾಗಿ ಕಾಣುವದಿಲ್ಲ. ಅವಳು ಆಗ ತುಂಬಿದ ಬಸುರಿ. ಹತ್ತಿಯು ಕಾಯಿ ಕಟ್ಟುತ್ತಿರುವದು. ಮೆಣಸಿನ ಗಿಡ ಹೂವು ಬಿಟ್ಟಿರುವದು. ಹಿಂಗಾರಿಯ ಜೋಳ, ಕಡಲೆಗಳ ಬಿತ್ತನೆಗೆ ಕೂರಿಗೆಗಳು ಹೊರಟಿರುವವು. ಬಸುರಿ ಮಗಳಿಗೆ ಬಯಕೆಯೂಟ ಮಾಡಿಸಿದಂತೆ ಈ ತಾಯಿಗೂ ಮಾಡಿಸಬೇಕೆಂಬದೇ ಶೀಗಿ ಹುಣ್ಣಿವೆಯ ತಿರುಳು. ಮಲೆನಾಡಿನವರು ಇದನ್ನೇ ಭೂಮಿ ಹುಣ್ಣಿವೆ ಎನ್ನುವರು. ಅದೇ ಇರುಳು ಮಹಾರಾಷ್ಟ್ರದವರು ಕೋಜಾಗರಿಯೆಂದು ಕೇಸರಿಹಾಲನ್ನು ಬೆಳುದಿಂಗಳಲ್ಲಿಟ್ಟು ಕುಡಿಯುವರು. ದೂರದ ಚೀನದವರು ತಮ್ಮ ಎಂಟನೆಯ ತಿಂಗಳ ಹುಣ್ಣಿವೆಗೆ ಹೂರಣ ತುಂಬಿದ ದುಂಡನೆಯ ತಿನಿಸನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುವರು. ಶರತ್ಕಾಲದ ತುಂಬು ಚಂದ್ರನೆದುರಿಗೆ ಸಿಹಿ ಹಿಡಿಯಬೇಕೆಂಬ ಆಸೆ ಯಾವದೊಂದು ನಾಡಿನ ಸೊತ್ತೂ ಅಲ್ಲ.

ನಮ್ಮ ಸೀಮೆಯ ಸಿಹಿ ಕಡಬು. ಅದು ಒಂಟಿ ಕೈಗೆ ಒಲಿಯತಕ್ಕ ತಿನಿಸಲ್ಲ. ಕಡಲೆಬೇಳೆಯನ್ನು ಕುದಿಸಿ ಕಟ್ಟು ಬಸಿಯಬೇಕು. ಬೆಲ್ಲ ಬೆರಸಿ ಮತ್ತೆ ಒಲೆಯ ಮೇಲೆ ಮಗುಚಬೇಕು. ಏಲಕ್ಕಿ, ಜಾಜಿಕಾಯಿ ಕೂಡಿಸಿ ನುಣ್ಣಗೆ ಅರೆಯಬೇಕು. ಅತ್ತ ಗೋಧಿಯ ಕಣಕವನ್ನು ನಾದಿ ನೆನೆಯಲಿಟ್ಟು, ಲಟ್ಟಿಸಿ, ಹೂರಣ ತುಂಬಿ, ಅಂಚಿಗೆ ಮುರಿಗೆ ಹಾಕಬೇಕು. ಇದರ ಜೊತೆಗೆ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ. ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಬದನೆಕಾಯಿಯ ಪಲ್ಯ. ಹೊಲಕ್ಕೆ ಒಯ್ಯುವ ಬುತ್ತಿಯು ಮನೆಯವರಿಗಷ್ಟೇ ಸಾಲುವದಾದರೆ ಅದು ಬುತ್ತಿಯೇ ಅಲ್ಲ. ಆಳುಗಳಿಗೆ, ಬೀಗರಿಗೆ, ನೆರೆಹೊಲದವರಿಗೆ ಉಳಿಯಬೇಕು. ಆದುದರಿಂದ ಹೊಲದ ಕೆಲಸಕ್ಕೆ ಮುಯ್ಯಾಳು ಇರುವಂತೆ ಒಲೆಯ ಕೆಲಸಕ್ಕೂ ಮುಯ್ಯಿ ಇದ್ದಿತು. ಇಂದು ಈ ಮನೆ, ನಾಳೆ ಆ ಮನೆ. ಈ ದಂಡಿಗೆಲ್ಲ ದಳವಾಯಿ ಮನೆಯ ಮುದುಕಿ. ಮಣೆಯ ಮೇಲೆ ಕುಳಿತವಳು ಏಳುತ್ತಿದ್ದಿಲ್ಲ; ಆದರೆ ಅವಳ ಮಾತಿಲ್ಲದೆ ಒಲೆಯಿಂದ ಏನೂ ಇಳಿಯುತ್ತಿದ್ದಿಲ್ಲ.

ಈಗ ಕಾಲವು ಬೇರೆ. ಅರೆಯುವದಕ್ಕೆ ಯಂತ್ರ, ಕುದಿಸುವದಕ್ಕೆ ಕುಕ್ಕರ. ಬೇಸರವಾದರೆ ಹುಬ್ಬಳ್ಳಿಯಿಂದ ಸಿಹಿಯ ಡಬ್ಬಿಗಳೇ ಬರುವವು. ಮುದುಕಿಯು ಕಟ್ಟೆಯ ಮೇಲೆ ಕುಳಿತು ಹಾದಿ ನೋಡುವಳು. ಮುದುಕರ ವಿಷಯದಲ್ಲಿ ಜಗತ್ತು ಅಲಕ್ಷ್ಯ ಮಾಡಿರುವದೆಂದು ಹೇಳಲು ಬಾರದು. ಅಕ್ಟೋಬರ 1ನೆಯ ತಾರೀಖು ಹಿರಿಯರ ದಿನವೆಂದು ವಿಶ್ವಸಂಸ್ಥೆಯು 1990ರಲ್ಲಿ ಸಾರಿತು. ತಂದೆತಾಯಿಗಳ ಪೋಷಣೆಯು ಮಕ್ಕಳ ಹೊಣೆಯೆಂದು ನಮ್ಮ ದೇಶದಲ್ಲಿ 2007ರಲ್ಲಿ ಕಾನೂನೇ ಆಯಿತು. ಕಾನೂನು ಅನ್ನವನ್ನು ಕೊಡಿಸಬಲ್ಲದು. ಕೆಲಸವನ್ನು ಯಾರು ಕೊಡಿಸಬೇಕು?

ನವಲಗುಂದದ ಕಡೆಯ ಒಂದು ಹಳ್ಳಿಯ ಮನೆಯಲ್ಲಿ ಈ ಪ್ರಶ್ನೆಯು ಹುಟ್ಟಿದ ಬಗೆ ಹೀಗೆ. ಮನೆಯ ಹಿರಿಯಳಿಗೆ ಎಂಬತ್ತರ ಸಮೀಪ. ಒಂದು ಹುಣ್ಣಿವೆಯ ಹಿಂದಿನ ದಿನ ಅವಳ ಕೈ ನಡುಗಿ, ಜಾಲರಿಯು ಜಾರಿ, ಕಾದ ಎಣ್ಣೆಯು ಸೊಸೆಯ ಪಾದದ ಮೇಲೆ ಬಿದ್ದಿತು. ಯಾರೂ ಬೈಯಲಿಲ್ಲ. “ನೀವು ಕೂಡ್ರಿ ಅತ್ತಿ, ನಾವು ಮಾಡತೇವಿ” ಎಂದು ಸೊಸೆ ಅಂದಳು; ಅಂದದ್ದು ಅಂತಃಕರಣದಿಂದಲೇ. ಆದರೆ ಆ ಮಾತಿನಿಂದ ಮುದುಕಿಯು ಅಡಿಗೆಮನೆಯ ಹೊಸ್ತಿಲ ಹೊರಗಾದಳು. ಮುಂದೆ ಎರಡು ಹುಣ್ಣಿವೆ ಅವಳು ಒಳಗೆ ಕಾಲಿಡಲಿಲ್ಲ. ಬೆಲ್ಲ ಯಾವದು ತರಬೇಕೆಂದು ಹೇಳುವದನ್ನೂ ಬಿಟ್ಟಳು. ಬರಬರುತ್ತ ಮಾತನ್ನೇ ಕಡಿಮೆ ಮಾಡಿದಳು. ಬೈಗಳಿಗಿಂತ ಕರುಣೆಯು ಕೆಲವು ಸಲ ಹೆಚ್ಚು ದೂರ ತಳ್ಳುವದು.

ಮೂರನೆಯ ವರ್ಷ ಒಲೆಯೇ ಅವಳನ್ನು ಕರೆಯಿತು. ಬೇಳೆಯ ನೀರು ಸರಿಯಾಗಿ ಬಸಿಯದೆ ಹೂರಣವು ತೆಳ್ಳಗಾಗಿದ್ದಿತು. ಎಣ್ಣೆಗೆ ಬಿಟ್ಟ ಕಡಬುಗಳು ಒಂದೊಂದಾಗಿ ಬಾಯಿ ಬಿಟ್ಟವು. ಸೊಸೆಯು ಹಿಟ್ಟಿನ ಕೈಯಲ್ಲೇ ಕಟ್ಟೆಗೆ ಬಂದಳು.

“ಅತ್ತೀ, ಕಡಬು ಎಣ್ಣ್ಯಾಗ ಒಡಿಯಾಕ ಹತ್ಯಾವು. ನೀವು ಬಂದು ನೋಡ್ರಿ.”

“ನನ್ನ ಕೈ ನಡಗತಾವಲ್ಲವಾ.”

“ಕೈ ಬ್ಯಾಡ್ರಿ, ಬಾಯಿ ಸಾಕು.”

ಮುದುಕಿಯು ಎದ್ದಳು. ಒಬ್ಬಳೇ ಬರಲಿಲ್ಲ, ಕಟ್ಟೆಯ ಮೇಲಿನ ಸಂಗಾತಿಯರು ನಾಲ್ವರೂ ಹಿಂದೆ ಬಂದರು. ಅವಳು ಹೂರಣವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, “ನೀರು ಉಳದೈತಿ. ಇನ್ನೊಂದು ಸಲ ಮಗಚು. ಸವಟು ನೆಟ್ಟಗ ನಿಂತರ ಇಳಸು” ಎಂದಳು. ಒಲೆ ಹೊತ್ತಿಸಿದರು, ಮಗುಚಿದರು. ಸವಟು ನಿಂತಿತು.

ಆಮೇಲೆ ಕೆಲಸವು ತಾನಾಗಿ ಹಂಚಿಕೆಯಾಯಿತು. ಮೊಣಕಾಲು ಹಿಡಿದವಳು ಕುಳಿತಲ್ಲೇ ಹುರಿದ ಶೇಂಗಾದ ಸಿಪ್ಪೆ ತಿಕ್ಕಿ ಮರದಲ್ಲಿ ಕೇರಿದಳು. ಕಣ್ಣು ಮಂಜಾದವಳನ್ನು ಒಲೆಯಿಂದ ನಾಲ್ಕು ಮಾರು ದೂರ ಕೂಡ್ರಿಸಿದರು. ಅವಳ ಪಾಲಿಗೆ ಕಿವಿಯ ಕೆಲಸ. ಹಸಿ ಕಡಬು ಬಿದ್ದೊಡನೆ ಎಣ್ಣೆಯು ಭೋರೆಂದು ಮೊರೆಯುವದು; ಹಸಿಯು ಆರಿದಂತೆ ಆ ಮೊರೆತ ಇಳಿಯುವದು. “ಈಗ ತಿರುವು” ಎಂದು ಅವಳು ಅಂದಾಗಲೆಲ್ಲ ಕಡಬಿನ ಬಣ್ಣ ಸರಿಯಾಗಿಯೇ ಬಂದಿತು. ಕಾಯುವ ಎಣ್ಣೆಯ ಬಳಿಗೆ ಮುದುಕಿಯರಾರೂ ಹೋಗಬಾರದು, ಅದು ಸೊಸೆಯರ ಪಾಲು, ಎಂಬ ಕಟ್ಟಳೆಯನ್ನು ಮನೆಯ ಹಿರಿಯಳೇ ಹಾಕಿದಳು.

ಅವರಲ್ಲಿ ಒಬ್ಬಳಿಗೆ ನೆನಪು ಹಾರಿಹೋಗುತ್ತಿದ್ದಿತು. ಅಂದು ಯಾವ ವಾರವೆಂದು ಅವಳಿಗೆ ತಿಳಿಯದು. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವಳು. ಅವಳ ಕೈಗೆ ತುಂಬಿದ ಕಡಬನ್ನು ಕೊಟ್ಟರು. ಬೆರಳುಗಳು ಅಂಚನ್ನು ಹಿಡಿದು ಮಡಚಿ, ಮಡಚಿದ್ದರ ಮೇಲೆ ಮತ್ತೆ ಮಡಚಿ, ಹೆರಳು ಹೆಣೆದಂತೆ ಮುರಿಗೆ ಹಾಕುತ್ತ ಸಾಗಿದವು. ನೋಡುವವರು ಬೆರಗಾದರು. ಕೈಗೆ ರೂಢಿಯಾದ ಕೆಲಸದ ನೆನಪು ಹೆಸರು-ದಿನಗಳ ನೆನಪಿಗಿಂತ ತಡವಾಗಿ ಮಾಸುವದೆಂದು ಇಂದಿನ ಮನಶ್ಶಾಸ್ತ್ರವು ಹೇಳುವದು. ಮುಪ್ಪಿನವರು ಹಿಂದಿನದನ್ನು ಮತ್ತೆ ಮತ್ತೆ ಮಾತಾಡುವದು ಬರಿಯ ಅರಳುಮರಳಲ್ಲ, ಬಾಳನ್ನು ತಿರುಗಿ ಎಣಿಸಿಕೊಳ್ಳುವ ಸಹಜ ಕಾರ್ಯವೆಂದು ಅಮೆರಿಕದ ವೈದ್ಯ ರಾಬರ್ಟ ಬಟ್ಲರನು 1963ರಲ್ಲಿ ಬರೆದನು. ಆ ಅಡಿಗೆಮನೆಯಲ್ಲಿ ಅಂಥ ಎಣಿಕೆಯು ಧಾರಾಳವಾಗಿ ನಡೆಯಿತು. 1972ರ ಬರದಲ್ಲಿ ಕಡಬನ್ನು ಎಣಿಸಿ ಹಂಚಿದ್ದು, ಬೆಣ್ಣಿಹಳ್ಳವು ಏರಿ ಹೊಲದ ಹಾದಿ ಮುಚ್ಚಿದಾಗ ಹಿತ್ತಲಲ್ಲೇ ಪೂಜೆ ಮುಗಿಸಿದ್ದು, ಕಲಘಟಗಿಯ ಬಣ್ಣದ ತೊಟ್ಟಿಲು ತವರಿನಿಂದ ಬಂದದ್ದು. ಒಬ್ಬಳು ತಪ್ಪಿದಲ್ಲಿ ಇನ್ನೊಬ್ಬಳು ತಿದ್ದಿದಳು. ಹಾಡು ಬಂದಿತು, ಜಗಳವೂ ಬಂದಿತು. ಶೇಂಗಾ ಹೋಳಿಗೆಗೆ ಎಳ್ಳು ಎಷ್ಟು ಎಂಬದಂತೂ ಕೊನೆಗೂ ತೀರ್ಮಾನವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೊಸೆಯು ಕಾಲು ಚಾಚಿ ಕುಳಿತಾಗ ಮುದುಕಿಯ ದೃಷ್ಟಿಯು ಅವಳ ಪಾದದ ಮೇಲೆ ನಿಂತಿತು.

“ಕಲೆ ಉಳೀತಲ್ಲವಾ.”

“ಉಳೀಲಿ ಬಿಡ್ರಿ. ಈ ಮುರಗಿ ನೆಟ್ಟಗೈತಿ ಏನು ನೋಡ್ರಿ.”

ಮುದುಕಿಯು ನೋಡಿದಳು, ಬಿಚ್ಚಿ ಮತ್ತೆ ಹಾಕಿಸಿದಳು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅನೇಕ ಮುದುಕರಿಗೆ ಸಕ್ಕರೆಯ ಬೇನೆಯಿರುವದು. ಬೆಲ್ಲವೆಂದ ಮಾತ್ರಕ್ಕೆ ಆ ಬೇನೆಗೆ ಅದು ನಿರುಪದ್ರವಿಯಾಗುವದಿಲ್ಲ. ಈ ಐವರಲ್ಲಿಯೂ ಇಬ್ಬರಿಗೆ ವೈದ್ಯರ ನಿರ್ಬಂಧವಿದ್ದಿತು. ಅವರು ಉಗುರಿನಷ್ಟು ಹೂರಣವನ್ನು ನಾಲಗೆಗೆ ಮುಟ್ಟಿಸಿ ರುಚಿ ನೋಡಿ, ಉಳಿದುದನ್ನು ಮಕ್ಕಳಿಗೆ ಕೊಟ್ಟರು. ಅವರ ಮೋರೆಯ ಮೇಲೆ ಕೊರತೆಯು ಕಾಣಲಿಲ್ಲ. ಉಣ್ಣುವ ಸುಖಕ್ಕೆ ಮಿತಿ ಬಂದ ವಯಸ್ಸಿನಲ್ಲಿ ಉಣಿಸುವ ಸುಖವನ್ನೂ ಕಸಿದುಕೊಂಡರೆ ಹಬ್ಬದಲ್ಲಿ ಅವರಿಗೆ ಉಳಿಯುವದೇನು?

ಮರುದಿನ ಟ್ರ್ಯಾಕ್ಟರಿನ ಗಾಡಿಯಲ್ಲಿ ಜಮಖಾನ ಹಾಸಿ ಐವರನ್ನೂ ಹೊಲಕ್ಕೆ ಕರೆದೊಯ್ದರು. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಕುಂಕುಮ ಹಚ್ಚಿ, ಎಡೆ ಮಾಡಿದರು. ನಡುಗುವ ಕೈಯಿಂದ ಮುದುಕಿಯು ತಾನೇ ಮಾಡಿದ ಒಂದು ಕಡಬು, ಮುರಿಗೆ ಸೊಟ್ಟಾದದ್ದು, ಎಡೆಯ ಮೇಲ್ಗಡೆಗೇ ಇದ್ದಿತು, ಸೊಸೆಯು ಇಟ್ಟದ್ದು. ಗಂಡಸರು ಚರಗವನ್ನು ಬುಟ್ಟಿಯಲ್ಲಿ ಹೊತ್ತು, ಕೂಗು ಹಾಕುತ್ತ, ಬೆಳೆಯ ನಡುವೆ ಚೆಲ್ಲುತ್ತ ಹೋದರು. ಆ ಚರಗದಲ್ಲಿದ್ದ ಕಡಲೆಯು ಹೋದ ವರ್ಷದ ಸುಗ್ಗಿಯದು. ಹೋದ ವರ್ಷದ ಕಾಳೇ ಈ ವರ್ಷದ ಬಸುರಿಗೆ ಬಯಕೆಯೂಟವಾಗುವ ಈ ಹಬ್ಬವನ್ನು ಆಚರಿಸುವ ಮನೆಯು ತನ್ನ ಹಿಂದಿನ ತಲೆಮಾರನ್ನು ಕಟ್ಟೆಯ ಮೇಲೆ ಬಿಟ್ಟು ಬರುವದು ಹಬ್ಬಕ್ಕೆ ಒಪ್ಪುವ ಮಾತಲ್ಲ.

ಹೊತ್ತು ಇಳಿದು ಚಂದ್ರನು ಮೂಡುವಾಗ ಗಾಡಿಯು ಊರಿಗೆ ತಿರುಗಿತು. ಮುದುಕಿಯು ಬುತ್ತಿಯ ಬುಟ್ಟಿಯನ್ನು ಇಣಿಕಿ ನೋಡಿ, ಮೂರು ವರ್ಷಗಳಲ್ಲಿ ಮೊದಲ ಸಲ, ಕೇಳದೆಯೇ ಒಂದು ಮಾತು ಹೇಳಿದಳು: “ದೀಪಾವಳಿ ಕರ್ಚಿಕಾಯಿಗೆ ಕೊಬ್ಬರಿ ಈಗ ತಂದಿಡ್ರವಾ, ಆಮ್ಯಾಲೆ ತುಟ್ಟಿ ಆಗತೈತಿ.”