ಎರಡು ಹೆಸರು ಕೂಡಿಸಿದ ಮಸ್ಕಿಯ ಬಂಡೆ

ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಲಿಂಗಸುಗೂರಿಗೆ ಹೋಗೋ ದಾರಿಯಲ್ಲೇ ಮಸ್ಕಿ ಸಿಗುತ್ತೆ. ಇಳಿದು ಬೆಟ್ಟದ ಕಡೆ ನಡೆದರೆ ಅಶೋಕನ ಶಾಸನದ ಬಂಡೆ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಾ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಇದು ಬಿತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೀತಾರೆ.

ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳು ಮಾತ್ರ. ಅವನೇ ಅಶೋಕ ಅಂತ ಜಾರ್ಜ್ ಟರ್ನರ್ 1837ರಲ್ಲೇ ಸಿಂಹಳದ ಪಾಲಿ ಗ್ರಂಥ ಓದಿ ಹೇಳಿದ್ದರು. ಅದಕ್ಕೆ ಕಲ್ಲಿನ ಸಾಕ್ಷಿ ಮೊದಲು ಕೊಟ್ಟಿದ್ದು ಮಸ್ಕಿ. ‘ದೇವಾನಂಪಿಯ’ದ ಜೊತೆಗೇ ‘ಅಶೋಕ’ ಅಂತ ಇಲ್ಲಿ ಕೆತ್ತಿದೆ.

ಹೀಗೆ ಹೆಸರು ಕೂಡಿಸೋದು ಇವತ್ತು ವಿಶ್ವವಿದ್ಯಾಲಯದ ಲೈಬ್ರರಿಯನ್‌ಗಳ ದಿನನಿತ್ಯದ ಕೆಲಸ. ಈ ಶಾಸನದ ಬ್ರಾಹ್ಮಿ ಲಿಪಿಯನ್ನೇ ನೋಡಿ. 1836ರಲ್ಲಿ ಗ್ರೀಕ್ ರಾಜ ಅಗಾಥೊಕ್ಲಿಸ್‌ನ ನಾಣ್ಯದ ಮೇಲೆ ಅದನ್ನು ಓದಿದ ಕ್ರಿಸ್ಟಿಯನ್ ಲಾಸೆನ್ ಹುಟ್ಟಿದ್ದು ನಾರ್ವೆಯ ಬರ್ಗನ್‌ನಲ್ಲಿ, ಪಾಠ ಹೇಳಿದ್ದು ಜರ್ಮನಿಯ ಬಾನ್‌ನಲ್ಲಿ. ಸ್ಕ್ಯಾಂಡಿನೇವಿಯಾ ವಿಭಾಗ ನೋಡಿಕೊಳ್ಳುವವರು ಅವರನ್ನು ‘ನಾರ್ವೆ’ ಅಂತಷ್ಟೇ ಗುರುತಿಸಿ ಬಿಟ್ಟರೆ, ‘ಬ್ರಾಹ್ಮಿ’ ಅಂತ ಟೈಪ್ ಮಾಡೋ ಮಸ್ಕಿಯ ಹುಡುಗಿಗೆ ಲಾಸೆನ್ ಸಿಗೋದೇ ಇಲ್ಲ. ಪುಸ್ತಕ ಕಪಾಟಿನಲ್ಲೇ ಇರುತ್ತೆ, ಅವಳ ಪಾಲಿಗೆ ಮಾತ್ರ ಇರೋದಿಲ್ಲ.