ಬಾಕಿ ಬಿಲ್ಲು ಮತ್ತು ಮಯ್ಯಿತ್

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡದ್ದು ನಸುಕಿನಲ್ಲಿ. ಮಧ್ಯಾಹ್ನದ ನಮಾಝ್ ಮುಗಿಸಿ ದಫನ ಮಾಡೋಣವೆಂದು ಹಿರಿಯರು ಹೇಳಿದ್ದರು. ಆದರೆ ಬಾಕಿ ಕಟ್ಟದೆ ಮಯ್ಯಿತ್ ಕೊಡುವುದಿಲ್ಲವೆಂದು ಖಾಸಗಿ ಆಸ್ಪತ್ರೆಯವರು ಪಟ್ಟು ಹಿಡಿದರು. ನಾವು ವಾದಿಸಲಿಲ್ಲ. ಅತ್ತಿಗೆಯ ಬಳೆ ಅಡವಿಟ್ಟೆವು, ನೆರೆಯವರಲ್ಲಿ ಸಾಲ ಕೇಳಿದೆವು. ಮಯ್ಯಿತ್ ಮನೆಗೆ ಬಂದಾಗ ಸಂಜೆಯಾಗಿತ್ತು.

ಕಾನೂನು ನಮ್ಮ ಕಡೆಗಿತ್ತೆಂದು ತಿಳಿದದ್ದು ಆಮೇಲೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. 2017ರಲ್ಲಿ ಅದಕ್ಕೆ ತಿದ್ದುಪಡಿ ತರಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಮೆದುವಾಯಿತು. ಆದರೂ ಉಳಿದದ್ದು ಸಣ್ಣದಲ್ಲ. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕಟ್ಟಲೇಬೇಕೆಂದು ಒತ್ತಾಯಿಸುವಂತಿಲ್ಲ. ಬಾಕಿಗಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಹಣವನ್ನು ನಂತರ ವಸೂಲು ಮಾಡಿಕೊಳ್ಳಬಹುದು. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ.

ಸಾಲ ತೀರಿಸುವುದು ನಮ್ಮ ಹೊಣೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸತ್ತವರನ್ನು ಒತ್ತೆಯಿಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅಂದು ನಮಗೆ ಕೊರತೆಯಾದದ್ದು ಹಣ ಮಾತ್ರವಲ್ಲ, ತಿಳಿವಳಿಕೆ ಕೂಡ. ಮಸೀದಿಯ ಫಲಕದಲ್ಲಿ, ಪಂಚಾಯತ್ ಕಚೇರಿಯ ಗೋಡೆಯಲ್ಲಿ ಎಷ್ಟೋ ಪ್ರಕಟಣೆಗಳನ್ನು ಅಂಟಿಸುತ್ತೇವೆ. ಈ ನಾಲ್ಕು ಸಾಲನ್ನೂ ಅಂಟಿಸಬಾರದೇಕೆ?